ಪ್ಲಗ್ಗಿನ ಮೇಲಿನ ಕೆಂಪು

ಎಂಜಿನ್ನಿನೊಳಗೆ ಕಿಡಿ ಹಾರಿಸುವ ಆ ಪ್ಲಗ್ಗು ಮೊದಲ ದಿನವೇ ಕೆಂಪಾಗಿತ್ತೋ, ಉತ್ತರ ಗೊತ್ತಾದ ಮೇಲೆ ನಾನೇ ನೆನಪಿಗೆ ಬಣ್ಣ ಬಳಿದೆನೋ, ಈಗ ಹೇಳಲಾರೆ. ಫೋನಿನಲ್ಲಿ ಆ ದಿನದ ಫೋಟೊ ಇದೆ. ಗ್ಯಾರೇಜಿನ ಹಳದಿ ಬಲ್ಬಿನ ಕೆಳಗೆ ತೆಗೆದದ್ದು. ಆ ಬೆಳಕಿನಲ್ಲಿ ಪ್ಲಗ್ ಹಿಡಿದ ನನ್ನ ಬೆರಳುಗಳೂ ಕಾವಿ ಬಣ್ಣಕ್ಕೆ ತಿರುಗಿವೆ. ಹಾಗಾಗಿ ಫೋಟೊ ಏನನ್ನೂ ಸಾಬೀತು ಮಾಡುವುದಿಲ್ಲ. ಖಚಿತವಾಗಿ ನೆನಪಿರುವುದು ನಾನು ಆಡಿದ ಒಂದೇ ಮಾತು: "ಮಣ್ಣು." ಅದನ್ನು ಎಷ್ಟು ಧೈರ್ಯವಾಗಿ ಹೇಳಿದೆ ಎಂಬುದೂ ನೆನಪಿದೆ. ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಶಿವಮೊಗ್ಗದ ಆಲ್ಕೊಳ ವೃತ್ತದ ಹಿಂದಿನ ರಸ್ತೆಯಲ್ಲಿ ನನ್ನ ಗ್ಯಾರೇಜು. ಬಾನೆಟ್ ಎತ್ತಿ ನಿಲ್ಲುವುದಕ್ಕಿಂತ ಲ್ಯಾಪ್‌ಟಾಪ್ ತೆಗೆದು ಕೂರುವುದೇ ಹೆಚ್ಚು. ಎಷ್ಟು ಪೆಟ್ರೋಲು, ಎಷ್ಟು ಗಾಳಿ, ಕಿಡಿ ಯಾವಾಗ ಎಂದು ಎಂಜಿನ್ನಿಗೆ ಹೇಳುವ ಪಟ್ಟಿಯೊಂದು ಕಾರಿನ ಕಂಪ್ಯೂಟರಿನಲ್ಲಿರುತ್ತದೆ. ಅದಕ್ಕೆ ಮ್ಯಾಪ್ ಎನ್ನುತ್ತೇವೆ. ಕಾರಿನ ಹುಚ್ಚು ಹತ್ತಿದವರು ಬಂದರೆ ಆ ಪಟ್ಟಿಯನ್ನು ತಿದ್ದಿ ಒಂದಿಷ್ಟು ಹೆಚ್ಚು ಕಸುವು ಕೊಡುತ್ತೇನೆ. ಈ ಕಾರಿಗೂ ಕೊಟ್ಟಿದ್ದೆ. ಮೂರು ಸಿಲಿಂಡರಿನ ಸಣ್ಣ ಟರ್ಬೊ ಪೆಟ್ರೋಲ್ ಕಾರು. ಯಜಮಾನ ಕೋಟೆ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡವನು, ನನ್ನ ವಯಸ್ಸಿನವನೇ. ಕಂಪನಿಯವರು ಕೊಟ್ಟ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು, ತೆರೆದ ಬಾಯಿಯ ಕೋನ್ ಫಿಲ್ಟರ್ ಹಾಕಿಸಿದ್ದ. ಆದರೆ ಅವನಿಗೆ ಕಾರು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನ ಓಡಿಸುತ್ತಿದ್ದವರು ಅವನ ಹೆಂಡತಿ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ದಿನಾ ಹೋಗಿ ಬರುವುದು, ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಟೀಚರುಗಳು.

ಎಂಜಿನ್ ದೀಪ ಹತ್ತಿಕೊಂಡಿದೆ ಎಂದು ಕಾರನ್ನು ತಂದದ್ದು ಅವನು. ಸ್ಕ್ಯಾನರ್ ಹಾಕಿದೆ: ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಂದರೆ ಕೆಲವು ಸಲ ಕಿಡಿ ಹತ್ತುತ್ತಿಲ್ಲ. ಸ್ಟಾರ್ಟ್ ಮಾಡಿ ನಿಂತಲ್ಲೇ ಓಡಿಸಿದೆ. ಮಿಸ್ಸಿಂಗ್ ಎಣಿಸುವ ಅಂಕಿ ಹತ್ತು ನಿಮಿಷವೂ ಸೊನ್ನೆಯಲ್ಲೇ ಕೂತಿತ್ತು. ಪ್ಲಗ್ ಬಿಚ್ಚಿದೆ. ತುದಿಯ ಬಿಳಿ ಪಿಂಗಾಣಿಯ ಮೇಲೆ ಇಟ್ಟಿಗೆ ಬಣ್ಣದ ಪದರ. ಕೋನ್ ಫಿಲ್ಟರಿನ ಮೇಲೂ ಅದೇ ಬಣ್ಣದ ಧೂಳು. ಊರು ತುಂಬ ರಸ್ತೆ ಅಗೆದು ಹಾಕಿದ್ದರು, ಒಗೆದು ಹಾಕಿದ ಬಟ್ಟೆಯೂ ಕೆಂಪಾಗುತ್ತಿದ್ದ ದಿನಗಳು. ಇನ್ನೇನು ಬೇಕು?

"ಮಣ್ಣು," ಎಂದೆ. "ನಿನ್ನ ಫಿಲ್ಟರ್ ಊರಿನ ರಸ್ತೇನೆಲ್ಲ ಕುಡೀತಿದೆ ಮಾರಾಯ."

"ಅದಕ್ಕೇ ಸೌಂಡ್ ಚೆನ್ನಾಗಿರೋದು," ಎಂದು ಅವನು ನಕ್ಕ.

ಪ್ಲಗ್ ಉಜ್ಜಿದೆ, ಕಂಪ್ಯೂಟರು ಬರೆದಿಟ್ಟಿದ್ದ ದೋಷದ ಕೋಡ್ ಅಳಿಸಿದೆ, ದೀಪ ಆರಿತು. ಏನೂ ತೊಂದರೆ ಇಲ್ಲ ಎಂದು ಕೀಲಿ ಕೊಟ್ಟೆ.

ಮರುದಿನ ಬೆಳಿಗ್ಗೆ ಭದ್ರಾವತಿ ರಸ್ತೆಯಲ್ಲಿ ಟೀಚರ್ ಲಾರಿಯೊಂದನ್ನು ದಾಟುತ್ತಿದ್ದರು. ಅರ್ಧ ದಾಟಿದ್ದಾಗ ಕಾರು ಒಮ್ಮೆ ಜಗ್ಗಿ ಸತ್ತಂತಾಯಿತು. ಎಂಜಿನ್ ಓಡುತ್ತಿದೆ, ಕಸುವಿಲ್ಲ. ಎದುರಿನಿಂದ ಬಸ್ಸು. ಅವರು ಬ್ರೇಕ್ ಒತ್ತಿ ಮತ್ತೆ ಲಾರಿಯ ಹಿಂದಕ್ಕೆ ಬಂದು ಬದುಕಿಕೊಂಡರು. ನಾನು ಅಲ್ಲಿರಲಿಲ್ಲ. ಆದರೂ ಆ ಬಸ್ಸಿನ ಮುಖ ನನಗೆ ನೆನಪಿದೆ. ಇದನ್ನು ಹೇಳುವುದು ನೆನಪನ್ನು ಎಷ್ಟು ನಂಬಬಹುದು ಎಂದು ತೋರಿಸಲು.

ಅವತ್ತು ಶಾಲೆ ಬಿಟ್ಟ ಮೇಲೆ ಅವರೇ ಗ್ಯಾರೇಜಿಗೆ ಬಂದರು. ಬ್ಯಾಗು ಹೆಗಲಿನಿಂದ ಇಳಿಸಲಿಲ್ಲ.

"ನಿನ್ನೆ ಏನು ಸರಿ ಮಾಡಿದ್ರಿ?"

"ಪ್ಲಗ್ ಕ್ಲೀನ್ ಮಾಡಿ ಕೋಡ್ ತೆಗೆದಿದ್ದೆ ಮೇಡಂ."

"ಹುಡುಗ್ರು ಉತ್ತರ ತಪ್ಪು ಬರೆದ್ರೆ ನಾನು ರಬ್ಬರ್ ತಗೊಂಡು ಅಳಿಸಿ ಪಾಸ್ ಮಾಡ್ತೀನಾ?"

ಅವರ ಗಂಡ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸತೊಡಗಿದ. ಅವು ಆಗಲೇ ಜೋಡಿಸಿದ್ದವು.

"ಇನ್ಮೇಲೆ ನಾನು ಬಸ್ಸಲ್ಲಿ ಹೋಗ್ತೀನಿ," ಎಂದರು. "ದಸರಾ ರಜ ಮುಗಿದು ಸ್ಕೂಲ್ ಶುರುವಾಗೋ ಹೊತ್ತಿಗೆ ಯಾಕೆ ಹಾಗಾಯ್ತು ಅಂತ ಕಾರಣ ಹೇಳಿ, ಕಾರು ಕೊಡಿ. ಬರೀ ದೀಪ ಆರಿಸಿ ಕೊಟ್ರೆ ನಾನು ಹತ್ತಲ್ಲ. ಇವ್ರು ಮಾರಿಬಿಡ್ಲಿ."

ಗಂಡನ ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು.

ಮುಂದಿನ ದಿನಗಳನ್ನು ಒಂದರ ಹಿಂದೊಂದು ಹೇಳಬೇಕು, ಆದರೆ ನನ್ನಲ್ಲಿ ಅವು ಹಾಗಿಲ್ಲ. ಸ್ಕ್ಯಾನರಿನ ದಾಖಲೆಗಳನ್ನು ತೆಗೆದು ನೋಡಿದರೆ ಕ್ರಮ ಸಿಗುತ್ತದೆ. ಅದನ್ನೇ ನಂಬುತ್ತೇನೆ.

ಮೊದಲು ಮೂರೂ ಪ್ಲಗ್ ಹೊಸದು ಹಾಕಿದೆ. ಲ್ಯಾಪ್‌ಟಾಪನ್ನು ಪಕ್ಕದ ಸೀಟಿನಲ್ಲಿಟ್ಟು ಭದ್ರಾವತಿಯವರೆಗೆ ಹೋಗಿಬಂದೆ. ಅಂಕಿ ಸೊನ್ನೆ. ಮರುದಿನವೂ ಸೊನ್ನೆ. ಮೂರನೇ ದಿನ ಗೆದ್ದೆ ಎಂದುಕೊಂಡು ಆಕ್ಸಿಲರೇಟರ್ ಪೂರ್ತಿ ತುಳಿದೆ. ಅಂಕಿ ಏಳು. ಮತ್ತೆ ತುಳಿದೆ. ಇಪ್ಪತ್ತಮೂರು. ಕಾರು ಜಗ್ಗಿತು, ಕಂಪ್ಯೂಟರು ಎಂಜಿನ್ನನ್ನು ಕಾಪಾಡಲು ಕಸುವು ಕಟ್ ಮಾಡಿತು. ಲಾರಿಯ ಪಕ್ಕದಲ್ಲಿ ಟೀಚರಿಗೆ ಆದದ್ದು ಇದೇ. ಮೆಲ್ಲಗೆ ಓಡಿಸಿದರೆ ಏನೂ ಇಲ್ಲ, ನಿಂತಲ್ಲಿ ಏನೂ ಇಲ್ಲ. ಕಸುವು ಬೇಕಾದ ಗಳಿಗೆಯಲ್ಲೇ ಕೈಕೊಡುತ್ತಿತ್ತು.

ಪ್ಲಗ್ ತೆಗೆದು ನೋಡಿದೆ. ಮೂರೇ ದಿನಕ್ಕೆ ತೆಳುವಾದ ಕೆಂಪು.

ಕೋನ್ ಫಿಲ್ಟರ್ ತೆಗೆದು ಹಳೆಯ ಡಬ್ಬಿ ಕೂರಿಸಿದೆ. ಯಜಮಾನ ಫಿಲ್ಟರನ್ನು ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದ. ಮತ್ತೆ ಹೊಸ ಪ್ಲಗ್. ಮತ್ತೆ ಮೂರು ದಿನ. ಮತ್ತೆ ಕೆಂಪು. ಇಲ್ಲಿ ನಿಲ್ಲಬೇಕಿತ್ತು. ಗಾಳಿ ಬರುವ ದಾರಿ ಮುಚ್ಚಿದರೂ ಮಣ್ಣು ಬರುತ್ತಿದೆ ಎಂದರೆ ಅದು ಮಣ್ಣಲ್ಲ. ಹೈಸ್ಕೂಲು ಹುಡುಗರಿಗೂ ಹೊಳೆಯುವ ಮಾತು. ನಾನು ಹೇಳಿಕೊಂಡದ್ದು ಬೇರೆ: ಒಳಗೆ ಮೊದಲೇ ಸೇರಿದ್ದ ಮಣ್ಣು ಈಗ ಹೊರಗೆ ಬರುತ್ತಿದೆ. ಹೇಳಿಕೊಂಡದ್ದಷ್ಟೇ ಅಲ್ಲ, ಅವನಿಗೆ ಚಿತ್ರ ಬರೆದು ವಿವರಿಸಿದೆ. ಬಾಣದ ಗುರುತು ಹಾಕಿದೆ.

ಮುಂದೆ, ಪ್ಲಗ್ಗುಗಳಿಗೆ ವಿದ್ಯುತ್ ಕೊಡುವ ಕಾಯಿಲ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದು ಬದಲಿಸಿದೆ. ಮಿಸ್ಸಿಂಗ್ ಅವುಗಳ ಜೊತೆ ಜಾಗ ಬದಲಿಸಲಿಲ್ಲ, ಅಂದರೆ ತಪ್ಪು ಅವುಗಳದ್ದಲ್ಲ. ಗಾಳಿ ಪೈಪಿಗೆ ಹೊಗೆ ತುಂಬಿ ಸೋರಿಕೆ ಹುಡುಕಿದೆ, ಇರಲಿಲ್ಲ. ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ನೋಡಿದೆ, ಮೂರೂ ಸಿಲಿಂಡರು ಗಟ್ಟಿ. ನನ್ನದೇ ಮ್ಯಾಪ್ ಮೇಲೆ ಅನುಮಾನ ಬಂದು ಅದನ್ನು ಅಳಿಸಿ ಕಂಪನಿಯ ಮ್ಯಾಪ್ ಹಾಕಿದೆ. ತಪ್ಪು ನನ್ನ ಮ್ಯಾಪಿನದೇ ಆಗಿದ್ದರೆ ಆ ಬಸ್ಸಿನ ಮುಂದೆ ಆ ಮೂವರನ್ನು ನಿಲ್ಲಿಸಿದವನು ನಾನೇ ಎಂದಾಗುತ್ತಿತ್ತು. ಕಂಪನಿಯ ಮ್ಯಾಪಿನಲ್ಲೂ ಅಂಕಿ ಏರಿದಾಗ, ನಾಚಿಕೆಯ ವಿಷಯ, ನನಗೆ ಖುಷಿಯಾಯಿತು.

ಇಷ್ಟೂ ದಿನ ಮಾಡಿದ ಇನ್ನೊಂದು ಕೆಲಸವನ್ನು ನಾನು ಎಲ್ಲೂ ಬರೆದಿಟ್ಟಿಲ್ಲ. ಪರೀಕ್ಷೆ ಮಾಡುವಾಗ ಪೆಟ್ರೋಲಿನ ಗುಣದ ಮೇಲೆ ಅನುಮಾನ ಉಳಿಯಬಾರದೆಂದು, ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಬಾಟಲಿ ಆಕ್ಟೇನ್ ಬೂಸ್ಟರ್ ಸುರಿಯುತ್ತಿದ್ದೆ. ಸಾಧಾರಣ ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಒಳಗಿನ ಬಡಿತವನ್ನು, ಅಂದರೆ ನಾಕಿಂಗನ್ನು ತಡೆಯುತ್ತದೆ ಎಂದು ಮಾರುವ ದ್ರವ. ಕಸುವು ಏರಿಸಿದ ಕಾರುಗಳವರು ಇಟ್ಟುಕೊಂಡೇ ಇರುತ್ತಾರೆ. ನನ್ನ ಶೆಲ್ಫಿನಲ್ಲೂ ಒಂದು ಪೆಟ್ಟಿಗೆ ಇತ್ತು. ಊದುಬತ್ತಿ ಹಚ್ಚಿದ ಹಾಗೆ ಸುರಿಯುತ್ತಿದ್ದೆ, ಯೋಚಿಸದೆ.

ಶಾಲೆ ಶುರುವಾಗಲು ನಾಲ್ಕು ದಿನ ಇದ್ದಾಗ ಹೊಸ ಕೋಡ್ ಬಂತು. ಸೈಲೆನ್ಸರಿಗೆ ಮೊದಲು ಹೊಗೆಯ ವಿಷವನ್ನು ಕಡಿಮೆ ಮಾಡುವ ಒಂದು ಭಾಗವಿದೆ, ಕ್ಯಾಟಲಿಟಿಕ್ ಕನ್ವರ್ಟರ್, ಬಾಯಿಮಾತಿನಲ್ಲಿ ಕ್ಯಾಟ್. ಅದರ ಹಿಂದಿನ ಸೆನ್ಸಾರು, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುತ್ತಿತ್ತು.

"ಕಿತ್ತುಬಿಡೋಣ ಮಾರಾಯ," ಎಂದ ಯಜಮಾನ. "ಎಲ್ರೂ ಕೀಳ್ತಾರೆ. ಕಾರು ಹಗುರಾನೂ ಆಗುತ್ತೆ."

"ನಿನ್ ಹೆಂಡ್ತಿ ಸ್ಕೂಲ್ ಗೇಟ್ ಮುಂದೆ ಹೊಗೆ ಬಿಟ್ಕೊಂಡು ನಿಲ್ಬೇಕಾ? ಆಗಲ್ಲ."

"ಹಂಗಾದ್ರೆ ಸ್ಪೇಸರ್ ಹಾಕು. ಲೈಟ್ ಆರುತ್ತೆ."

ಸ್ಪೇಸರ್ ಎಂದರೆ ಉಕ್ಕಿನ ಒಂದು ಸಣ್ಣ ಕೊಳವೆ. ಸೆನ್ಸಾರು ಮತ್ತು ಪೈಪಿನ ನಡುವೆ ಕೂರಿಸಿದರೆ ಸೆನ್ಸಾರಿನ ಮೂತಿ ಹೊಗೆಯಿಂದ ಆಚೆ ಸರಿಯುತ್ತದೆ. ಜ್ವರ ನೋಡುವ ಕಡ್ಡಿಯನ್ನು ಅಂಗಿಯ ಮೇಲೆ ಇಟ್ಟ ಹಾಗೆ. ಕಂಪ್ಯೂಟರು ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಇದು ಕಳ್ಳಾಟ ಎಂದು ನನಗೆ ಗೊತ್ತು. ದೀಪ ಆರಿಸಿ ಕೊಟ್ಟರೆ ಹತ್ತುವುದಿಲ್ಲ ಎಂದು ಟೀಚರ್ ಹೇಳಿದ್ದೂ ಗೊತ್ತು. ಆದರೂ ನಾನು "ಸರಿ" ಎಂದೆ. ಅವನು ಒತ್ತಾಯ ಮಾಡಿದ ಎಂದು ಬರೆದರೆ ನನಗೆ ಅನುಕೂಲ. ಅವನು ಒಂದೇ ಸಲ ಹೇಳಿದ.

ಲೋಹವನ್ನು ಕಡೆಯುವ ಇಂಥ ಕೆಲಸಕ್ಕೆ ನಾನು ಹೋಗುವುದು ಭದ್ರಾವತಿಯ ಒಬ್ಬ ಲೇತ್ ಮೇಸ್ತ್ರಿಯ ಹತ್ತಿರ. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ, ಮನೆಯ ಪಕ್ಕದ ಶೆಡ್ಡಿನಲ್ಲಿ ಹಳೆಯ ಲೇತ್ ಇಟ್ಟುಕೊಂಡವರು. ಮನೆಮಾತು ತಮಿಳು, ಬೈಗುಳ ಮೂರು ಭಾಷೆಯಲ್ಲಿ. ಯಜಮಾನನೂ ಜೊತೆಗೆ ಬಂದ. ಥ್ರೆಡ್ಡಿನ, ಅಂದರೆ ತಿರುಪಿನ ಸುತ್ತುಗಳ ಅಳತೆಗೆಂದು ಕಾರಿನ ಹಿಂದಿನ ಸೆನ್ಸಾರನ್ನು ಅಲ್ಲೇ ಬಿಚ್ಚಿ ಒಂದು ಡಬ್ಬಿಯಲ್ಲಿಟ್ಟು ಕೊಟ್ಟೆ. ಅದೇ ಡಬ್ಬಿಯಲ್ಲಿ ತೆಗೆದ ಪ್ಲಗ್ಗುಗಳೂ ಬಿದ್ದಿದ್ದವು.

ಮೇಸ್ತ್ರಿ ಕೊಳವೆ ಕಡೆದು ಮುಗಿಸಿದರು. ಅದು ನನ್ನ ಅಂಗೈಯಲ್ಲಿತ್ತು, ಇನ್ನೂ ಬಿಸಿ. ಆಗ ಅವರು ಡಬ್ಬಿ ನೋಡಿದರು. ಇಲ್ಲ, ಮೊದಲು ಟೀ ಬಂತು, ಟೀ ಕುಡಿಯುತ್ತ ನೋಡಿದರು. ಅಥವಾ ಅವರು ಮೊದಲೇ ನೋಡಿದ್ದು, ಕೆಲಸ ಮುಗಿಯಲಿ ಎಂದು ಸುಮ್ಮನಿದ್ದರೋ ಏನೋ. ಬಿಸಿ ಕೊಳವೆ ಕೈಯಲ್ಲಿರುವಾಗಲೇ ಸತ್ಯ ಹೊರಬಿತ್ತು ಎಂದರೆ ಕೇಳಲು ಚೆಂದ. ಅದಕ್ಕೇ ಅದನ್ನು ನಾನು ನಂಬುವುದಿಲ್ಲ.

"ಇದೇನು ಸಾಮಿ, ಎಲ್ಲ ಕೆಂಪು?" ಎಂದರು.

"ಮಣ್ಣು ಮೇಸ್ತ್ರಿ. ಶಿವಮೊಗ್ಗದ ಧೂಳು."

ಅವರು ಪ್ಲಗ್ಗಿನ ತುದಿಯನ್ನು ಉಗುರಿನಿಂದ ಕೆರೆದರು. ಉದುರಿದ ಪುಡಿಯನ್ನು ಅಂಗೈಗೆ ಹಾಕಿ, ಎರಡು ಹನಿ ನೀರು ಬಿಟ್ಟು ಹೆಬ್ಬೆರಳಲ್ಲಿ ತಿಕ್ಕಿದರು.

"ಯಾರ್ ಹೇಳಿದ್ದು ಮಣ್ಣು ಅಂತ?"

ಯಜಮಾನ ನನ್ನತ್ತ ಬೆರಳು ಮಾಡಿದ.

"ಮಣ್ಣಾದ್ರೆ ನೀರು ಬಿದ್ರೆ ಅಂಟು ಬರುತ್ತೆ ಸಾರ್. ಇದು ನೋಡಿ, ಬಣ್ಣ ಮಾತ್ರ ಬಿಡ್ತದೆ. ಇದು ಕಬ್ಬಿಣ. ನನ್ ಹೆಂಡ್ತೀನ ಕರೀಲಾ? ಮೂವತ್ ವರ್ಷ ನನ್ ಕಾಲರ್ ತಿಕ್ಕಿ ತಿಕ್ಕಿ ಬೈದಿದಾಳೆ. ಮಣ್ಣು ಸೋಪಿಗೆ ಹೋಗುತ್ತೆ, ಈ ಕೆಂಪು ಹೋಗಲ್ಲ."

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೋರಿಸಿದರು. ರೇಖೆಗಳ ಒಳಗೆ ಬಣ್ಣ ನಿಂತಿತ್ತು.

"ಎಂಜಿನ್ ಒಳಗೆ ಕಬ್ಬಿಣ ಸವೆದಿದ್ಯಾ?" ಎಂದು ಯಜಮಾನ ಹೆದರಿ ಕೇಳಿದ.

"ಸವೆದಿದ್ರೆ ಆಯಿಲಲ್ಲಿ ಸಿಗುತ್ತೆ ಮಗಾ, ಪ್ಲಗ್ ಮೇಲೆ ಹಿಂಗೆ ಪೇಂಟ್ ಹೊಡ್ದಂಗೆ ಕೂರಲ್ಲ. ಈ ಸೆನ್ಸಾರ್ ಮೂತಿ ನೋಡು, ಅಲ್ಲೂ ಅದೇ. ಉರಿಯೋದ್ರಲ್ಲೇ ಏನೋ ಇದೆ. ಏನ್ ಹಾಕ್ತೀರಾ ಟ್ಯಾಂಕಿಗೆ?"

ಟ್ಯಾಂಕಿಗೆ. ನಾನು ಕಾರಿನ ಹತ್ತಿರ ಹೋಗಿ ಡಿಕ್ಕಿ ತೆಗೆದೆ. ಸ್ಟೆಪ್ನಿಯ ಪಕ್ಕದಲ್ಲಿ ನಾನು ಇಟ್ಟಿದ್ದ ಬೂಸ್ಟರ್ ಬಾಟಲಿ. ಅದರ ಬೆನ್ನಿನ ಲೇಬಲ್ಲನ್ನು ಅವತ್ತಿನವರೆಗೆ ಓದಿರಲಿಲ್ಲ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದಾಗ ಕಂಡಿತು: ಕಬ್ಬಿಣದ ಸಂಯುಕ್ತ ಇದೆ, ಒಂದು ಪೂರ್ತಿ ಟ್ಯಾಂಕಿಗೆ ಒಂದು ಬಾಟಲಿ, ಮೀರಬಾರದು.

ಆಮೇಲೆ ಓದಿ ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ. ಆ ದ್ರವದಲ್ಲಿರುವ ಕಬ್ಬಿಣ ಪೆಟ್ರೋಲಿನ ಜೊತೆ ಉರಿದ ಮೇಲೆ ಮಾಯವಾಗುವುದಿಲ್ಲ. ತುಕ್ಕಿನಂತೆ ಪ್ಲಗ್ಗಿನ ಮೇಲೆ, ಕ್ಯಾಟಿನ ಒಳಗೆ, ಸೆನ್ಸಾರಿನ ಮೇಲೆ ಕೂರುತ್ತದೆ. ಎಂಜಿನ್ ಚೆನ್ನಾಗಿ ಕಾದಾಗ ಆ ಪದರದ ಮೂಲಕವೇ ವಿದ್ಯುತ್ ಹರಿದುಹೋಗಿ, ಕಿಡಿ ಹಾರಬೇಕಾದಲ್ಲಿ ಹಾರುವುದಿಲ್ಲ. ನಿಂತಲ್ಲಿ ಅಷ್ಟು ಕಾವಿಲ್ಲ, ಲಾರಿ ದಾಟುವಾಗ ಇದೆ.

ಶೆಡ್ಡಿನ ಮುಂದೆಯೇ ನಿಂತು ಟೀಚರಿಗೆ ಫೋನ್ ಮಾಡಿ, ಟ್ಯಾಂಕಿಗೆ ಏನಾದರೂ ಹಾಕುತ್ತಿದ್ದಿರಾ ಎಂದು ಕೇಳಿದೆ.

"ಹೂಂ, ಆ ಬಾಟ್ಲಿ. ಭದ್ರಾವತೀಲಿ ಪೆಟ್ರೋಲ್ ಹಾಕ್ಸಿದಾಗೆಲ್ಲ ಒಂದೊಂದು."

"ಪೂರ್ತಿ ಟ್ಯಾಂಕ್ ತುಂಬಿಸ್ತಿದ್ರಾ?"

"ಇಲ್ಲ, ಹತ್ತು ಲೀಟರ್ ಹಾಕ್ಸೋದು. ಇವ್ರೇ ಡಿಕ್ಕೀಲಿ ಇಟ್ಟು, ಮರೀಬೇಡ ಅಂದಿದ್ರು."

ಯಜಮಾನ ತಲೆ ಕೆರೆದುಕೊಂಡ. "ನಾನೂ ಭಾನುವಾರ ಹಾಕ್ತಿದ್ದೆ. ಅವ್ಳು ಮರ್ತಿರ್ತಾಳೆ ಅಂತ."

ಫೋನ್ ಸ್ಪೀಕರಿನಲ್ಲಿತ್ತು. "ನಾನು ಮರೀತೀನಾ?" ಎಂದಿತು ಫೋನು. "ಮತ್ತೆ ಗ್ಯಾರೇಜಿಗೆ ಬಿಟ್ಮೇಲೆ ಯಾರು ಹಾಕಿದ್ದು?"

"ನಾನು, ಮೇಡಂ," ಎಂದೆ. "ಪರೀಕ್ಷೆಗೆ."

"ಒಂದು ಪಾತ್ರೆ ಸಾರಿಗೆ ಮೂರು ಜನ ಉಪ್ಪು ಹಾಕಿದೀವಿ. ರುಚಿ ಯಾರೂ ನೋಡಿಲ್ಲ," ಎಂದರು ಟೀಚರ್. ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ.

ಸ್ಪೇಸರ್ ಹಾಕಲಿಲ್ಲ. ಯಜಮಾನ ಕೇಳಿದ: "ಕಾರಣ ಸಿಕ್ತಲ್ಲ. ಇದನ್ನೂ ಹಾಕ್ಬಿಡು, ಲೈಟ್ ಒಂದು ಆರಿರುತ್ತೆ." ನಾನು ಅದನ್ನು ಮೇಸ್ತ್ರಿಯ ಬೆಂಚಿನ ಮೇಲಿಟ್ಟೆ. ದೀಪ ಸುಳ್ಳು ಹೇಳತೊಡಗಿದರೆ ಮುಂದಿನ ಸಲ ಕಾರು ಜಗ್ಗುವ ಮೊದಲು ಅವರಿಗೆ ಹೇಳುವವರು ಯಾರು? ಇಡೀ ವ್ಯವಹಾರದಲ್ಲಿ ಸುಳ್ಳು ಹೇಳದೆ ಉಳಿದದ್ದು ಆ ಹಳದಿ ದೀಪ ಒಂದೇ. ನಾವಿಬ್ಬರೂ ಅದರ ಬಾಯಿ ಮುಚ್ಚಿಸಲು ನೋಡಿದ್ದೆವು.

ಶಿವಮೊಗ್ಗಕ್ಕೆ ಬಂದು ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ಟ್ಯಾಂಕಿನ ಪೆಟ್ರೋಲನ್ನೂ ಬಂಕಿನ ಪೆಟ್ರೋಲನ್ನೂ ಎರಡು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಟ್ಯಾಂಕಿನದು ಹೆಚ್ಚು ಕೆಂಪು ಎನ್ನಿಸಿತು. ಯಜಮಾನ ನನಗೆ ಕಾಣದಂತೆ ಬಾಟಲಿಗಳ ಜಾಗ ಬದಲಿಸಿ ಇಟ್ಟು, ಈಗ ಹೇಳು ಎಂದ. ತಪ್ಪಾಗಿ ಹೇಳಿದೆ. ಹೊಸ ಪ್ಲಗ್ ಹಾಕಿದೆ. ಅವತ್ತೇ ಮೊದಲ ದಿನದ ಫೋಟೊಗಳನ್ನು ಹುಡುಕಿದಾಗ ಇನ್ನೊಂದು ಸಿಕ್ಕಿತು: ಫಿಲ್ಟರಿನ ಹಿಂದಿನ ಗಾಳಿ ಪೈಪಿನ ಒಳಭಾಗ. ಸ್ವಚ್ಛ. ಒಂದು ಕಣ ಧೂಳಿಲ್ಲ. ಅದನ್ನು ತೆಗೆದವನು ನಾನೇ. ನೋಡಿರಲಿಲ್ಲ, ತೆಗೆದಿದ್ದೆ ಅಷ್ಟೆ.

ಶಾಲೆ ಶುರುವಾಗುವ ಹಿಂದಿನ ದಿನ ಟೀಚರೇ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್. ಹಿಂದೆ ಯಜಮಾನ. ಭದ್ರಾವತಿ ರಸ್ತೆಯಲ್ಲಿ ಜಲ್ಲಿ ಲಾರಿಯೊಂದು ಮುಂದೆ ಸಿಕ್ಕಿತು. ಎದುರು ದಾರಿ ಖಾಲಿ.

"ದಾಟ್ಲಾ?" ಎಂದು ಕೇಳಿದರು.

"ದಾಟಿ."

"ಸೊನ್ನೆ ಇದ್ಯಾ?"

"ಸೊನ್ನೆ."

ಅವರು ತುಳಿದರು. ಎಂಜಿನ್ ಏರಿತು. ನಾನು ಲಾರಿಯನ್ನು ನೋಡಲಿಲ್ಲ, ಅಂಕಿಯನ್ನೇ ನೋಡುತ್ತಿದ್ದೆ. ದಾಟಿದೆವು. ಸೊನ್ನೆ. ಅವರು ಮುಂದಿನ ಲಾರಿಯನ್ನೂ ದಾಟಿದರು, ಅದರ ಮುಂದಿನದನ್ನೂ. ಮಧ್ಯಾಹ್ನ ಪ್ಲಗ್ ಬಿಚ್ಚಿದಾಗ ಪಿಂಗಾಣಿ ಬಿಳಿಯಾಗಿತ್ತು. ಒಂದು ತಿಂಗಳ ನಂತರ ನೋಡಿದಾಗ, ಪ್ಲಗ್ಗೊಂದು ಇರಬೇಕಾದ ಬೂದು ಬಣ್ಣ.

ಕಾರು ಮಾರಲಿಲ್ಲ. ಅವರು ಮತ್ತೆ ಕಾರಿನಲ್ಲೇ ಹೋಗುತ್ತಿದ್ದಾರೆ. ಆದರೆ ಆ ಲಾರಿಗಳನ್ನು ದಾಟಿದ ದಿನ ಗ್ಯಾರೇಜಿಗೆ ವಾಪಸು ಬಂದು ಇಳಿಯುವಾಗ ಒಂದು ಪ್ರಶ್ನೆ ಕೇಳಿದರು.

"ಆ ಮೊದಲನೇ ಬಾಟ್ಲಿ ಎಲ್ಲಿಂದ ಬಂತು?"

"ಇವ್ನೇ ಕೊಟ್ಟಿದ್ದು," ಎಂದ ಯಜಮಾನ. "ಮ್ಯಾಪ್ ಹಾಕಿ ಕೀ ಕೊಡೋವಾಗ. ಹಾಕ್ತಾ ಇರು ಅಂದ."

"ನಾನಾ? ಆನ್‌ಲೈನಲ್ಲಿ ತರಿಸ್ದೆ ಅಂತ ನೀನೇ ತೋರಿಸ್ದಲ್ಲ ಮಾರಾಯ."

"ಅದು ಆಮೇಲಿಂದು."

ಟೀಚರ್ ನಮ್ಮಿಬ್ಬರ ಮುಖ ನೋಡಿದರು. ನಾನು ಶೆಲ್ಫಿನ ಹತ್ತಿರ ಹೋಗಿ ಪೆಟ್ಟಿಗೆ ತೆಗೆದೆ. ಪರೀಕ್ಷೆಗೆ ನಾನು ಸುರಿದು ಖಾಲಿ ಮಾಡಿದ ಬಾಟಲಿಗಳು ಮೂಲೆಯಲ್ಲೇ ಇದ್ದವು. ಅವನ್ನೆಲ್ಲ, ಡಿಕ್ಕಿಯಲ್ಲಿಟ್ಟಿದ್ದನ್ನೂ ಸೇರಿಸಿ, ಪೆಟ್ಟಿಗೆಯ ಗೂಡುಗಳಲ್ಲಿ ಕೂರಿಸಿದರೂ ಒಂದು ಗೂಡು ಖಾಲಿ ಉಳಿಯಿತು. ಅದನ್ನು ಇನ್ಯಾವುದೋ ಕಾರಿಗೆ ಹಾಕಿರಬಹುದು. ಇವನ ಕೈಗೆ ಕೀಲಿಯ ಜೊತೆ ಕೊಟ್ಟಿರಬಹುದು.

"ಗೊತ್ತಿಲ್ಲ ಮೇಡಂ," ಎಂದೆ.

"ಈ ಮಾತನ್ನ ಮೊದಲ್ನೇ ದಿನ ಹೇಳಿದ್ರೆ," ಎಂದರು ಅವರು, ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತ, "ಮಾರನೇ ದಿನ ನಾನು ಬಸ್ಸಲ್ಲಿ ಹೋಗಿರ್ತಿದ್ದೆ."

ಕ್ಯಾಟಿನ ಕೋಡ್ ಈಗ ಬರುತ್ತದೆ, ಹೋಗುತ್ತದೆ. ಒಳಗೆ ಕೂತ ಕಬ್ಬಿಣದಲ್ಲಿ ಎಷ್ಟು ಸುಟ್ಟು ಹೋಗುತ್ತದೆ, ಎಷ್ಟು ಅಲ್ಲೇ ಉಳಿಯುತ್ತದೆ, ನನಗೆ ಗೊತ್ತಿಲ್ಲ. ಹೊಸದು ಹಾಕುವವರೆಗೆ ದೀಪವನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ. ಪೆಟ್ಟಿಗೆ ಶೆಲ್ಫಿನಲ್ಲೇ ಇದೆ. ಆ ಖಾಲಿ ಗೂಡಿನ ಬಾಟಲಿಯನ್ನು ನಾನು ಯಾರಿಗೆ ಕೊಟ್ಟೆ ಎಂದು ನೆನಪಿಸಿಕೊಳ್ಳಲು ಕೂತರೆ, ಅವನ ಕೈಗೆ ಕೊಡುತ್ತಿರುವ ನನ್ನ ಕೈ ಸ್ಪಷ್ಟವಾಗಿ ಕಾಣುತ್ತದೆ. ಆ ಬಸ್ಸಿನ ಮುಖವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಆ ಬೆಳಿಗ್ಗೆ ನಾನು ಆ ರಸ್ತೆಯಲ್ಲಿರಲಿಲ್ಲ. ಕೊಟ್ಟೆನೋ ಇಲ್ಲವೋ, ಗೊತ್ತಿಲ್ಲ.